ಲಕ್ಕಣ್ಣನ ಎಡೆ

ಮಹಾಲಯ ಅಮಾವಾಸ್ಯೆಯಂದು ಕೆಂಪಾಪುರದ ಮನೆಮನೆಯಲ್ಲೂ ಬೆಳಗಿನಿಂದಲೇ ಒಲೆ ಉರಿಯುತ್ತದೆ. ಸತ್ತವರು ವರ್ಷಕ್ಕೊಮ್ಮೆ ಉಣ್ಣಲು ಬರುವ ದಿನ ಅದು. ಬದುಕಿದ್ದಾಗ ಅವರು ಯಾವುದನ್ನು ಬಾಯಿ ಚಪ್ಪರಿಸಿ ತಿನ್ನುತ್ತಿದ್ದರೋ ಅದನ್ನೆಲ್ಲ ಮಾಡಿ, ನಡುಮನೆಯಲ್ಲಿ ಬಾಳೆಯೆಲೆಯ ಮೇಲೆ ಎಡೆಯಿಟ್ಟು, ಧೂಪ ಹಾಕಿ, ಬಾಗಿಲು ಮುಂದೆ ಮಾಡಿಕೊಂಡು ಮನೆಮಂದಿಯೆಲ್ಲ ಅಂಗಳದಲ್ಲಿ ಕಾಯುತ್ತಾರೆ. ಹಿರಿಯರು ಉಂಡು ತೃಪ್ತರಾದರೆಂದು ತೋರುವಷ್ಟು ಹೊತ್ತಾದ ಮೇಲೆ ಬಾಗಿಲು ತೆರೆಯುತ್ತಾರೆ. ಎಡೆಯಿಟ್ಟ ಮಗ ಮೊದಲ ಪಾಲು ತೆಗೆದುಕೊಳ್ಳಬೇಕು. ಅಲ್ಲಿಯವರೆಗೆ ಅವನು ತೊಟ್ಟು ನೀರನ್ನೂ ಬಾಯಿಗೆ ಹಾಕುವಂತಿಲ್ಲ.

ಕಜ್ಜಾಯ ಇಷ್ಟಪಟ್ಟವರಿಗೆ ಕಜ್ಜಾಯ, ಕೋಳಿಸಾರು ಇಷ್ಟಪಟ್ಟವರಿಗೆ ಕೋಳಿಸಾರು, ಬೀಡಿ ಸೇದುತ್ತಿದ್ದವರಿಗೆ ಬೀಡಿಯ ಕಟ್ಟು. ಕುಡಿಯುತ್ತಿದ್ದವರಿಗೆ ಬಾಟಲಿ. ಯಾವ ಪದಾರ್ಥ ಒಬ್ಬ ಮನುಷ್ಯನನ್ನು ಸುಡುಗಾಡಿಗೆ ಹೊತ್ತು ಹಾಕಿತೋ ಅದೇ ಪದಾರ್ಥವನ್ನು ತಂದು ಅವನ ಹೆಸರಿನ ಮುಂದಿಟ್ಟು ಕೈಮುಗಿಯುವ ಈ ಭಕ್ತಿಗೆ ಏನೆನ್ನಬೇಕು? ಊರಿನಲ್ಲಿ ಹಾಗೆ ಕೇಳಿದವರು ಯಾರೂ ಇರಲಿಲ್ಲ. ಸಾವಿರದ ಒಂಬೈನೂರ ಅರವತ್ತೊಂಬತ್ತರ ಆ ಅಮಾವಾಸ್ಯೆಯ ಬೆಳಿಗ್ಗೆ ಲಕ್ಷ್ಮಿದೇವಮ್ಮನೂ ಕೇಳಬೇಕೆಂದು ಎದ್ದವಳಲ್ಲ.

ಅವಳ ಗಂಡ ಲಕ್ಕಣ್ಣ ತೀರಿಹೋಗಿ ವರ್ಷ ತುಂಬಿತ್ತು. ಅವನಿಗೆ ಇಡುವ ಮೊದಲನೆಯ ಎಡೆ ಇದು. ಇಡಬೇಕಾದವನು ಒಬ್ಬನೇ ಮಗ ಚನ್ನಕೇಶವ. ಹುಡುಗ ಯಶವಂತಪುರದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಕೆಲಸಕ್ಕೆ ಸೇರಿಕೊಂಡಿದ್ದ. ರಾಜಾನುಕುಂಟೆಯ ಮುನಿವೆಂಕಟಯ್ಯ ತನ್ನ ಮಗಳು ರಾಮಲಕ್ಷ್ಮಮ್ಮನನ್ನು ಅವನಿಗೆ ಕೊಡಲು ಒಪ್ಪಿದ್ದ. ಪಿತೃಪಕ್ಷದಲ್ಲಿ ಶುಭದ ಮಾತಾಡುವಂತಿಲ್ಲ. ಆದರೆ ಎಡೆಯ ಊಟಕ್ಕೆ ಬರಬಹುದು. ಲಕ್ಷ್ಮಿದೇವಮ್ಮನ ಭಾವ ಪಿಳ್ಳಪ್ಪ ಈ ಸೂಕ್ಷ್ಮವನ್ನು ಹಿಡಿದು, ಹೆಣ್ಣಿನ ತಂದೆತಾಯಿಗಳನ್ನು ಊಟಕ್ಕೆಂದು ಕರೆದಿದ್ದ. ದಸರೆ ಕಳೆದೊಡನೆ ವೀಳ್ಯದೆಲೆ ಬದಲಾಯಿಸಿ ಮದುವೆ ನಿಶ್ಚಯಿಸುವುದೆಂದು ಮಾತಾಗಿತ್ತು.

ಲಕ್ಷ್ಮಿದೇವಮ್ಮ ಆ ಹುಡುಗಿಯನ್ನು ಒಮ್ಮೆ ನೋಡಿದ್ದಳು. ಎಂಟನೆಯ ತರಗತಿ ಓದಿದ ಮಗು. ಕಾಫಿಯ ಲೋಟ ಕೊಡುವಾಗ, ‘ಬಿಸಿ ಇದೆ ಅತ್ತೆ, ಸೆರಗಿನಲ್ಲಿ ಹಿಡ್ಕೊಳ್ಳಿ’ ಎಂದಿದ್ದಳು. ಅಷ್ಟೇ ಮಾತು. ಅಷ್ಟಕ್ಕೇ ಲಕ್ಷ್ಮಿದೇವಮ್ಮನ ಕರುಳು ಅವಳತ್ತ ವಾಲಿಬಿಟ್ಟಿತ್ತು.

ಬೆಳಗಿನ ಬಿಸಿಲು ದ್ರಾಕ್ಷಿ ಚಪ್ಪರದ ಮೇಲೆ ಬೀಳುವ ಹೊತ್ತಿಗೆ ಅತ್ತೆ ಮುನಿಗಂಗಮ್ಮ ಹಿತ್ತಲ ಬಾಗಿಲಲ್ಲಿ ನಿಂತು ಕೂಗಿದಳು:

“ಲೇ ಕೇಸವ, ಎಲ್ಲಾ ಆಯ್ತು, ನಿಮ್ಮಪ್ಪನ ಬಾಟ್ಲಿ ಒಂದ್ ಬಂದಿಲ್ಲ. ಓಗಿ ತಕ್ಕೊಂಬಾರೋ. ಪಾಪ, ಮೊದಲ್ನೇ ಸಲ ಬತ್ತಾವ್ನೆ, ಬಾಯಾರ್ಕೊಂಡ್ ಬತ್ತಾನೆ.”

ಸ್ನಾನ ಮಾಡಿ ಒದ್ದೆ ಪಂಚೆಯಲ್ಲಿ ಕುಳಿತಿದ್ದ ಚನ್ನಕೇಶವ ಚಟ್ಟನೆ ಎದ್ದ. ಸೌದೆ ಒಡೆಯಲು ಹೇಳಿದರೆ ಮೂರು ಸಲ ಕೂಗಿಸಿಕೊಳ್ಳುವ ಹುಡುಗ ಈ ಮಾತಿಗೆ ಚಪ್ಪಲಿ ಹುಡುಕತೊಡಗಿದ. ಆ ಚುರುಕುತನ ಲಕ್ಷ್ಮಿದೇವಮ್ಮನ ಎದೆಗೆ ಮುಳ್ಳಿನಂತೆ ಚುಚ್ಚಿತು. ಅದಕ್ಕೆ ಕಾರಣವಿತ್ತು.

ಸೋಲದೇವನಹಳ್ಳಿಯಿಂದ ಸೊಸೆಯಾಗಿ ಬಂದ ಹೊಸದರಲ್ಲಿ ಗಂಡನ ಉಸಿರಿನ ವಾಸನೆಯನ್ನು ಅವಳು ಯಾವುದೋ ಕಷಾಯದ ವಾಸನೆಯೆಂದು ತಿಳಿದಿದ್ದಳು. ನಿಜ ತಿಳಿದು ಅತ್ತಾಗ ಮುನಿಗಂಗಮ್ಮ, ‘ಮದ್ವೆ ಆಯ್ತಲ್ಲ, ಇನ್ ಸರೋಯ್ತಾನೆ ಬಿಡು’ ಎಂದಿದ್ದಳು. ಲಕ್ಕಣ್ಣ ಸರಿಹೋಗಲಿಲ್ಲ. ನಗರದ ಮಾರುಕಟ್ಟೆಗೆ ದ್ರಾಕ್ಷಿಯ ಗಾಡಿ ಹೊಡೆದುಕೊಂಡು ಹೋದವನು ಹಿಂದಿರುಗುವಾಗ ಖಾಲಿ ಕುಕ್ಕೆಗಳ ನಡುವೆ ತಾನೂ ಒಂದು ಕುಕ್ಕೆಯಂತೆ ಬಿದ್ದಿರುತ್ತಿದ್ದ. ದಾರಿ ಬಲ್ಲ ಎತ್ತುಗಳು ಅವನನ್ನು ಮನೆಗೆ ತರುತ್ತಿದ್ದವು. ಗಾಡಿಯ ಹಿಂದೆ ಊರಿನ ಮಕ್ಕಳು ಕೇಕೆ ಹಾಕುತ್ತ ಬರುತ್ತಿದ್ದರು. ಆ ಕೇಕೆಯನ್ನು ತಾಳಲಾರದೆ ಲಕ್ಷ್ಮಿದೇವಮ್ಮ ಒಂದು ಉಪಾಯ ಕಂಡುಕೊಂಡಳು. ಬೀದಿಯಲ್ಲಿ ಬೀಳುವುದಕ್ಕಿಂತ ಮನೆಯಲ್ಲೇ ಕುಡಿಯಲಿ, ನಾಲ್ಕು ಗೋಡೆಯೊಳಗೆ ಮಾನ ಉಳಿಯಲಿ. ಹೆಂಗಸಾದ ತಾನು ಆ ಕಡೆ ತಲೆ ಹಾಕುವುದುಂಟೆ? ಅದಕ್ಕೆ, ಇನ್ನೂ ಮೀಸೆ ಚಿಗುರದ ಮಗನ ಕೈಗೆ ಹಾಲಿನ ಚೊಂಬು ಕೊಟ್ಟು, ಮೇಲೊಂದು ತಟ್ಟೆ ಮುಚ್ಚಿ, ಹೆಬ್ಬಾಳದ ಕೆರೆ ಏರಿಯ ಕೆಳಗೆ ಸಾರಾಯಿ ಮಾರುತ್ತಿದ್ದ ವೆಂಕಟಸ್ವಾಮಿಯ ಮನೆಗೆ ಕಳಿಸುತ್ತಿದ್ದಳು. ನೋಡಿದವರು ಹಾಲೆಂದುಕೊಳ್ಳುತ್ತಿದ್ದರು. ತನ್ನ ನಾಚಿಕೆಯನ್ನು ಮಗುವಿನ ತಲೆಯ ಮೇಲೆ ಹೊರಿಸಿದ್ದೇನೆಂಬುದು ಆ ತಾಯಿಗೆ ಹೊಳೆಯಲಿಲ್ಲ. ಹೊಳೆದ ದಿನವೂ ಹೊಳೆಯದವಳಂತೆ ಇದ್ದುಬಿಟ್ಟಳು.

ಕೊನೆಗೆ ಲಕ್ಕಣ್ಣನ ಕಣ್ಣು ಅರಿಸಿನದ ಬಣ್ಣಕ್ಕೆ ತಿರುಗಿತು, ಹೊಟ್ಟೆ ಉಬ್ಬಿತು, ರಕ್ತ ಕಾರಿಕೊಂಡು ಸತ್ತ. ಕೇಳಿದವರಿಗೆಲ್ಲ ಮನೆಯವರು ‘ಕಾಮಾಲೆ’ ಎಂದರು. ಕೇಳಿದವರಿಗೂ ಗೊತ್ತಿತ್ತು, ಅವರೂ ‘ಅಯ್ಯೋ, ಕಾಮಾಲೆಯಂತೆ’ ಎಂದರು.

“ನೀನ್ ಕೂತ್ಕೋ ಕೇಶವ,” ಎಂದಳು ಲಕ್ಷ್ಮಿದೇವಮ್ಮ. “ನಾನು ಹೋಗ್ತೀನಿ.”

ಮುನಿಗಂಗಮ್ಮ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. “ಎಂಗಸು ಓಗ್ತೀಯ? ಆ ಅಂಗಡಿಗೆ? ಬೀಗರು ಬರೋ ಒತ್ನಲ್ಲಿ? ತಲೆಗಿಲೆ ಕೆಟ್ಟೈತೇನೇ?”

“ಗಂಡ ನನ್ನವನಲ್ವಾ ಅತ್ತೆ, ನಾನೇ ತರ್ತೀನಿ.”

“ಅಮ್ಮ, ಬೇಡ, ನಾನೇ ಓಡಿ ಹೋಗಿ ಬಂದ್ಬಿಡ್ತೀನಿ,” ಎಂದು ಚನ್ನಕೇಶವ ಅಡ್ಡಬಂದ. ಅವನ ಮುಖ ಬಿಳಿಚಿಕೊಂಡಿತ್ತು. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹೊರಟೇಬಿಟ್ಟಳು.

ಹಿಂದೆ ಕತ್ತಲಲ್ಲಿ ಕದ್ದು ಮಾರುತ್ತಿದ್ದ ವೆಂಕಟಸ್ವಾಮಿ, ಸರ್ಕಾರ ಪಾನನಿರೋಧ ತೆಗೆದ ಮೇಲೆ, ಈಗ ಹಗಲಿನಲ್ಲೇ ಬಾಗಿಲು ತೆರೆದು, ಬೋರ್ಡು ಹಾಕಿಕೊಂಡು, ಹಣೆಗೆ ಕುಂಕುಮವಿಟ್ಟುಕೊಂಡು ಕೂರುತ್ತಿದ್ದ. ಬೋರ್ಡಿನಿಂದ ವಿಷ ಅಮೃತವಾಗುವುದಿಲ್ಲ; ಮಾರುವವನ ಮುಖದ ಮೇಲಿನ ಅಳುಕು ಮಾತ್ರ ಅಳಿಸಿಹೋಗುತ್ತದೆ. ಅಂಗಡಿಯ ಮುಂದಿನ ಹೊಂಗೆ ಮರದ ಕೆಳಗೆ ಗಂಡಸರು ಕುಕ್ಕರಗಾಲಿನಲ್ಲಿ ಕುಳಿತಿದ್ದರು. ಗಟಾರದಲ್ಲಿ ಬಿದ್ದವರನ್ನು, ಮನೆಮಠ ಕಳೆದುಕೊಂಡವರನ್ನು ಅಲ್ಲಿ ಕಾಣುತ್ತೇನೆಂದು ಲಕ್ಷ್ಮಿದೇವಮ್ಮ ಭಾವಿಸಿದ್ದಳು. ಕಂಡದ್ದು ತನ್ನ ಊರನ್ನೇ. ಶನಿವಾರದ ಭಜನೆಯಲ್ಲಿ ತಾಳ ಹಿಡಿಯುವವನು ಅಲ್ಲಿದ್ದ. ನಿನ್ನೆ ತಾನೆ ಎಡೆಯ ಅಡಿಗೆಗೆಂದು ತನ್ನಿಂದ ಸೇರು ಅಕ್ಕಿ ಕೇಳಿ ಒಯ್ದ ಪಕ್ಕದ ಮನೆಯವಳ ಗಂಡ ಅಲ್ಲಿದ್ದ. ಮಕ್ಕಳಿಗೆ ತಾಯಿತ ಕಟ್ಟುವ ಮುದುಕ ಅಲ್ಲಿದ್ದ. ಅವಳನ್ನು ಕಂಡು ಕೆಲವರು ಮುಖ ತಿರುಗಿಸಿದರು, ಕೆಲವರು ನಕ್ಕರು. ಇಷ್ಟೊಂದು ಮನೆಗಳಲ್ಲಿ ಇಷ್ಟೊಂದು ಹೆಂಗಸರು, ತನ್ನ ಹಾಗೆಯೇ, ‘ನಮ್ಮ ಮನೆಯದು ಮಾತ್ರ’ ಎಂದು ಬಾಗಿಲು ಮುಚ್ಚಿಕೊಂಡು ಕೂತಿದ್ದಾರೆಯೇ?

ವೆಂಕಟಸ್ವಾಮಿ ಎದ್ದು ನಿಂತ. “ಅಯ್ಯೋ ಅಕ್ಕಾ, ನೀವ್ಯಾಕ್ ಬರೋಕ್ ಹೋದ್ರಿ? ಕೇಶವನ ಕೈಲಿ ಬೆಳಗ್ಗೇನೇ ಹೇಳಿ ಕಳಿಸಿದ್ರೆ ಅವನ ಜತೇಲೇ ಕೊಟ್ ಕಳಿಸ್ತಿದ್ನಲ್ಲ.”

“ಬೆಳಗ್ಗೆ ಬಂದಿದ್ನಾ?”

“ದಿನಾ ಬರ್ತಾನಲ್ಲಕ್ಕ! ಷಿಫ್ಟಿಗೆ ಹೋಗೋ ಮುಂಚೆ ಒಂದ್ಸಲ, ಬರ್ತಾ ಒಂದ್ಸಲ. ಇವತ್ತು ರಜಾ ಅಲ್ವೇನೋ ಅಂದೆ, ಆದ್ರೂ ಬೇಕು ಅಣ್ಣಾ ಅಂದ.” ಅವಳ ಮುಖ ನೋಡಿ, ಸಮಾಧಾನ ಹೇಳುವವನಂತೆ ದನಿ ತಗ್ಗಿಸಿದ. “ಚಿನ್ನದಂಥ ಹುಡುಗ ಅಕ್ಕ. ಗಲಾಟೆ ಇಲ್ಲ, ಗದ್ದಲ ಇಲ್ಲ. ಕುಡಿದು ಮೂತಿ ಒರೆಸ್ಕೊಂಡು ಹೋಗ್ತಾನೆ. ನಿಮ್ಮ ಯಜಮಾನ್ರ ಥರ ಅಲ್ವೇ ಅಲ್ಲ.”

ಮಗನ ಬಗ್ಗೆ ತಾಯಿ ಕೇಳಿದ ಹೊಗಳಿಕೆ ಇದು! ನೆಲ ಬಾಯ್ಬಿಡಬಾರದೇ ಎನ್ನಿಸಿತು ಅವಳಿಗೆ. ಏನನ್ನೂ ಕೊಳ್ಳದೆ ತಿರುಗಿದಳು. ಹಿಂದಿನಿಂದ ಯಾವನೋ ಕೂಗಿದ: “ಯಾಕಮ್ಮ, ಸರಕು ಹಿಡಿಸ್ಲಿಲ್ವಾ?” ನಗೆಯ ಅಲೆ ಏರಿಯವರೆಗೂ ಅವಳನ್ನು ಅಟ್ಟಿಸಿಕೊಂಡು ಬಂತು.

ಕೆರೆ ಏರಿಯ ಮೇಲೆ ನಡೆಯುತ್ತ ಅವಳು ಯೋಚಿಸಿದಳು. ಬೆಳಗಿನಿಂದ ಉಪವಾಸವಿರಬೇಕಾದ ಮಗ ಕುಡಿದು ಬಂದು ಸ್ನಾನ ಮಾಡಿ ಕುಳಿತಿದ್ದಾನೆ. ಸುಮ್ಮನಿದ್ದರೆ ಇಂದು ಎಡೆ ನಡೆಯುತ್ತದೆ, ದಸರೆ ಕಳೆದೊಡನೆ ವೀಳ್ಯ ಬದಲಾಗುತ್ತದೆ, ಬಿಸಿ ಲೋಟವನ್ನು ಸೆರಗಿನಲ್ಲಿ ಹಿಡಿಯಿರೆಂದ ಹುಡುಗಿ ಈ ಮನೆಗೆ ಬಂದು ಗಂಡನ ಉಸಿರಿನಲ್ಲಿ ಕಷಾಯದ ವಾಸನೆ ಹುಡುಕುತ್ತಾಳೆ. ಬಾಯಿ ಬಿಟ್ಟರೆ ಮಗನ ಮಾನ ಮೂರು ಕಾಸಿಗೆ ಹೋಗುತ್ತದೆ. ಮುಂದೆ ಯಾರೂ ಹೆಣ್ಣು ಕೊಡುವುದಿಲ್ಲ. ತನ್ನ ಮದುವೆಯ ಚಪ್ಪರದ ಕೆಳಗೆ ಕೂತು ಒಬ್ಬಟ್ಟು ತಿಂದವರಲ್ಲಿ ಲಕ್ಕಣ್ಣನ ವಿಷಯ ಯಾರಿಗೆ ಗೊತ್ತಿತ್ತು? ಅವಳು ಒಬ್ಬೊಬ್ಬರ ಮುಖವನ್ನೂ ನೆನೆದಳು. ಎಲ್ಲರಿಗೂ ಗೊತ್ತಿತ್ತು.

ಮನೆ ತಲುಪಿದಾಗ ಅತಿಥಿಗಳು ಜಗಲಿಯ ಮೇಲೆ ಕುಳಿತಿದ್ದರು. ಮುನಿವೆಂಕಟಯ್ಯ ದೊಡ್ಡ ಪೇಟದ, ದೊಡ್ಡ ನಗೆಯ ಆಳು. ಅವನ ಹೆಂಡತಿ ಅಂಜಿನಮ್ಮ ಕಂಬಕ್ಕೆ ಒರಗಿ, ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದಳು. ಲಕ್ಷ್ಮಿದೇವಮ್ಮ ಮಗನನ್ನು ಹಿತ್ತಲಿಗೆ ಕರೆದಳು. ಹತ್ತಿರ ಬಂದಾಗ ಸೀಬೆ ಎಲೆ ಜಗಿದ ವಾಸನೆ ಬಂತು. ಕುಡಿದದ್ದನ್ನು ಮುಚ್ಚಲು ಅವನಪ್ಪನೂ ಅದನ್ನೇ ಜಗಿಯುತ್ತಿದ್ದ.

“ವೆಂಕಟಸ್ವಾಮಿ ಎಲ್ಲಾ ಹೇಳ್ದ ಕಣೋ.”

ಅವನು ಸುಳ್ಳು ಹೇಳಲಿಲ್ಲ. “ಇವತ್ತೊಂದಿನ ಸುಮ್ನಿರಮ್ಮ. ಅವರು ಊಟ ಮಾಡ್ಕೊಂಡು ಹೋಗ್ಲಿ. ನಾಳೆಯಿಂದ ಬಿಟ್ಬಿಡ್ತೀನಿ. ನಿನ್ನಾಣೆ.”

“ನಿಮ್ಮಪ್ಪ ನನ್ನ ತಲೆ ಮೇಲೆ ಕೈಯಿಟ್ಟು ಎಷ್ಟು ಆಣೆ ಮಾಡಿದ್ದ ಗೊತ್ತೇನೋ?”

ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದ ಮುನಿಗಂಗಮ್ಮ ಹೊರಗೆ ಬಂದಳು. “ಸುಮ್ಕಿರೇ, ಕೂಗಾಡ್ಬೇಡ! ಉಪಾಸ ಮುರ್ದ್ರೆ ಏನಾಯ್ತು, ಎಡೆ ಅವರಪ್ಪನ್ಗೆ ತಾನೆ ಇಡಾದು? ಅವನೇನ್ ಮೂಗ್ ಮುಚ್ಕೊಂಡ್ ಎದ್ದೋಗ್ತಾನಾ? ಮದ್ವೆ ಒಂದ್ ಆಗ್ಲಿ, ಸರೋಯ್ತಾನೆ.”

ಅದೇ ಮಾತು. ದನಿ ಮುದಿಯಾಗಿತ್ತು, ಮಾತಿಗೆ ಮುಪ್ಪು ಬಂದಿರಲಿಲ್ಲ.

ಬಾಟಲಿಯ ಚಿಂತೆಯೂ ಉಳಿಯಲಿಲ್ಲ. ಮುನಿವೆಂಕಟಯ್ಯ ಕೈಚೀಲದಿಂದ ಕಾಗದ ಸುತ್ತಿದ ಬ್ರಾಂದಿಯ ಬಾಟಲಿ ತೆಗೆದು ಪಿಳ್ಳಪ್ಪನ ಕೈಗಿತ್ತ. “ನಮ್ ಬೀಗರಾಗ್ಬೇಕಿದ್ದೋರು. ಮೇಲಿದ್ರೂ ಬೀಗ್ರು ಬೀಗ್ರೇ! ಒಳ್ಳೆ ಮಾಲು, ಇಡಪ್ಪ,” ಎಂದು ತೊಡೆ ತಟ್ಟಿ ನಕ್ಕ. ಚನ್ನಕೇಶವ ಎಲೆಯ ಮುಂದೆ ಕುಳಿತು ಮುದ್ದೆ, ಸಾರು, ವಡೆ, ಕಜ್ಜಾಯಗಳನ್ನು ಬಡಿಸಿದ. ಪಿಳ್ಳಪ್ಪ ಬಾಟಲಿಯ ಬಿರಡೆ ತೆಗೆದು ಎಲೆಯ ಬಲಕ್ಕಿಟ್ಟ. ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಂದೆ ಮಾಡಿದರು.

ಬಾಗಿಲು ತೆರೆದರೆ ಮಗ ತಂದೆಯ ಪಾಲಿನ ಬಾಟಲಿಯನ್ನು ಮೊದಲು ತುಟಿಗೆ ಹಚ್ಚುವನು, ಹಿರಿಯರೆಲ್ಲ ತಲೆದೂಗುವರು, ಕದ್ದು ಮಾಡುತ್ತಿದ್ದುದಕ್ಕೆ ದೇವರ ಮುಂದೆ ಒಪ್ಪಿಗೆ ಬೀಳುವುದು. ಲಕ್ಷ್ಮಿದೇವಮ್ಮ ಜೀವಮಾನದಲ್ಲಿ ಗಂಡಸರ ನಡುವೆ ನಿಂತು ಮಾತಾಡಿದವಳಲ್ಲ.

“ಅಣ್ಣ,” ಎಂದಳು ಮುನಿವೆಂಕಟಯ್ಯನನ್ನು ನೋಡಿ. “ನನ್ನ ಮಗ ಕುಡೀತಾನೆ. ದಿನಾ ಕುಡೀತಾನೆ. ಈ ಬೆಳಗ್ಗೇನೂ ಕುಡಿದೇ ಎಡೆಗೆ ಕೂತಿದ್ದು. ನಿಮ್ಮ ಮಗಳನ್ನ ಕೊಡೋ ಮುಂಚೆ ನಿಮಗೆ ಗೊತ್ತಿರ್ಬೇಕು.”

ಪಿಳ್ಳಪ್ಪ ದಿಗ್ಗನೆ ಎದ್ದ. “ಏಯ್, ಒಳಗೆ ನಡಿ!”

ಮುನಿವೆಂಕಟಯ್ಯ ಮಾತ್ರ ಪಕಪಕ ನಕ್ಕುಬಿಟ್ಟ. “ಇದಾ ತಾಯಿ! ನಾನೇನೋ ಅಂದ್ಕೊಂಡು ಎದೆ ಧಸಕ್ ಅಂತು. ದುಡಿಯೋ ಮಗ, ಒಂಚೂರು ತಕ್ಕೊಂತಾನೆ. ನಾನ್ ತಕ್ಕೊಳಲ್ವಾ? ನಮ್ಮಪ್ಪ ತಕ್ಕೊಂತಿರ್ಲಿಲ್ವಾ? ಮೈಬಗ್ಗಿಸಿ ದುಡಿಯೋರ್ಗೆ ಬೇಕು ಕಣಮ್ಮ.”

ನಗು ನಾಲ್ಕು ಕಡೆ ಹಬ್ಬಿತು. ಬಡಿದು ಬೈದಿದ್ದರೆ ಅವಳು ತಾಳಿಕೊಳ್ಳುತ್ತಿದ್ದಳೇನೋ. ಕುತ್ತಿಗೆಯವರೆಗೆ ನಾಚಿಕೆಯಲ್ಲಿ ಮುಳುಗಿ ಹೇಳಿದ ಸತ್ಯ ಅವರಿಗೆ ಹಾಸ್ಯವಾಗಿತ್ತು! ಇಡೀ ಊರೇ ಒಂದು ರೋಗದಲ್ಲಿ ನರಳುವಾಗ ರೋಗದ ಹೆಸರು ಹೇಳಿದವನು ಹುಚ್ಚನಾಗಿ ಕಾಣುತ್ತಾನೆ.

“ಅವರಪ್ಪ ಸತ್ತಿದ್ದು ಕಾಮಾಲೆಯಿಂದ ಅಲ್ಲ,” ಎಂದಳು ಅವಳು. “ಕುಡಿದು ಸತ್ತ. ಹೊಟ್ಟೆ ತುಂಬುಬಸುರಿಯ ಥರ ಊದಿತ್ತು. ಬಾಯಿಂದ ಬಂದ ರಕ್ತ ಈ ಸೆರಗಿನಲ್ಲಿ ಹಿಡಿದೆ. ಕೊನೇ ದಿನ ನನ್ನ ಗುರುತೂ ಹಿಡೀಲಿಲ್ಲ. ಸಾರಾಯಿ ಹೆಸರು ಮಾತ್ರ ಮರೀಲಿಲ್ಲ.”

ನಗು ನಿಂತಿತು. ಆಗ ಚನ್ನಕೇಶವ ಬಾಯಿಬಿಟ್ಟ. ಕಿವಿ ಕೆಂಪಾಗಿ, ಕಣ್ಣಲ್ಲಿ ನೀರು ತುಂಬಿ ಅವನು ಕೂಗಿದ:

“ಎಲ್ಲಾ ಹೇಳ್ದೆ, ಅದೊಂದ್ ಯಾಕ್ ಬಿಟ್ಟೆ? ಹಾಲಿನ ಚೊಂಬು ಕೊಟ್ಟು ಅಲ್ಲಿಗೆ ಕಳಿಸ್ತಿದ್ದೋಳು ಯಾರು? ಬೇಡ ಅಮ್ಮ, ಹುಡುಗರು ಆಡ್ಕೊಂತಾರೆ ಅಂತ ಅತ್ರೂ ಕಳಿಸ್ತಿದ್ದೋಳು ಯಾರು? ದಾರೀಲಿ ತಟ್ಟೆ ತೆಗೆದು ಮೊದಲ್ನೇ ಗುಟುಕು ಕುಡಿದಿದ್ದು ಅವಾಗ್ಲೇ. ಯಾರು ಕಲಿಸಿದ್ದು, ಹೇಳು!”

ಅಂಗಳದ ಕಣ್ಣುಗಳೆಲ್ಲ ಅವಳ ಮೇಲೆ ಬಿದ್ದವು. ಗಾಡಿಯ ಹಿಂದೆ ಕೇಕೆ ಹಾಕಿದ ಮಕ್ಕಳ ಕಣ್ಣುಗಳಿಂದ ತಪ್ಪಿಸಿಕೊಳ್ಳಲು ಮಾಡಿದ ಉಪಾಯ ಅವಳನ್ನು ಈ ಕಣ್ಣುಗಳ ನಡುವೆ ತಂದು ನಿಲ್ಲಿಸಿತ್ತು. ಅವಳು ಸೆರಗಿನಿಂದ ಮುಖ ಮುಚ್ಚಿಕೊಳ್ಳಲಿಲ್ಲ.

“ನಾನೇ,” ಎಂದಳು. “ಮನೆ ಮಾನ ಉಳೀಲಿ ಅಂತ ನಿನ್ನ ಕಳಿಸ್ದೆ. ಅದಕ್ಕೇ ಇವತ್ತು ಸುಮ್ನಿರೋಕೆ ನನ್ ಕೈಲಿ ಆಗಲ್ಲ.”

ಅದುವರೆಗೆ ಕಂಬಕ್ಕೆ ಒರಗಿ ಮೂಕಳಂತಿದ್ದ ಅಂಜಿನಮ್ಮ ಮುಂದೆ ಬಂದು ಚನ್ನಕೇಶವನ ಎದುರು ನಿಂತಳು. “ದಿನಾನೇನಪ್ಪ?” ಎಂದು ಮೆಲ್ಲಗೆ ಕೇಳಿದಳು. ಅವನು ನೆಲ ನೋಡಿದ. ಅವಳು ಗಂಡನ ಕಡೆ ತಿರುಗಿದಳು.

“ಎದ್ದೇಳಿ, ಊರಿಗೆ ಹೋಗಾಣ.”

“ಲೇ, ಎಡೆ ಊಟ ಬಿಟ್ಟು ಹೋಗ್ಬಾರ್ದು ಕಣೇ, ಪಾಪ ಬರ್ತದೆ!”

“ಬರ್ಲಿ, ನನಗೇ ಬರ್ಲಿ. ಹೆಣ್ಣು ಕೊಡಾಕಿಲ್ಲ.”

“ಮಾತು ಕೊಟ್ಟಿರೋನು ನಾನು!”

“ಹೆತ್ತಿರೋಳು ನಾನು.”

ಹೊರಡುವ ಮುನ್ನ ಅವಳು ಲಕ್ಷ್ಮಿದೇವಮ್ಮನ ಎರಡೂ ಕೈ ಹಿಡಿದುಕೊಂಡಳು. “ನನ್ ಮದ್ವೇಲಿ ನಂಗೆ ಯಾರೂ ಹೇಳಿರ್ಲಿಲ್ಲ ಕಣಕ್ಕ,” ಎಂದಷ್ಟೇ ಅಂದು, ಪೇಟ ಸರಿಪಡಿಸಿಕೊಳ್ಳುತ್ತ ಗೊಣಗುತ್ತಿದ್ದ ಗಂಡನನ್ನು ಮುಂದೆ ಮಾಡಿಕೊಂಡು ಯಲಹಂಕದ ಬಸ್ಸಿನ ದಾರಿ ಹಿಡಿದಳು.

ಬಾಗಿಲು ತೆರೆದಾಗ ಧೂಪ ಆರಿ ಬೂದಿಯಾಗಿತ್ತು. ಮೊದಲ ಪಾಲು ತೆಗೆದುಕೊಳ್ಳಲು ಯಾರೂ ಒಳಗೆ ಹೋಗಲಿಲ್ಲ. “ನನ್ ಮಗ ಅಸ್ಕೊಂಡು ಓದ. ಮನೆ ಮರ್ವಾದೆ ಬೀದಿಗಾಕ್ದಲ್ಲೇ!” ಎಂದು ಮುನಿಗಂಗಮ್ಮ ಹೊಸಿಲ ಮೇಲೆ ಕುಳಿತು ಎದೆ ಬಡಿದುಕೊಂಡಳು. ಪಿಳ್ಳಪ್ಪ ತಮ್ಮನ ಹೆಂಡತಿಗೂ ಅವಳು ಹುಟ್ಟಿದ ಮನೆಗೂ ಬಾಯಿಗೆ ಬಂದಂತೆ ಬೈದ. ಬೈದು ಮುಗಿಸಿ, ಎಡೆಯ ಮುಂದಿನ ಬಾಟಲಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಕೊಟ್ಟಿಗೆಯತ್ತ ನಡೆದ. ಎಲ್ಲರೂ ನೋಡಿದರು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ನೆಂಟರಿಷ್ಟರು ಒಬ್ಬೊಬ್ಬರಾಗಿ ಜಾರಿಕೊಂಡರು. ಚನ್ನಕೇಶವ ಹಿತ್ತಲ ಬಾವಿಯ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕುಳಿತಿದ್ದ. ಲಕ್ಷ್ಮಿದೇವಮ್ಮ ಎಲೆಯಲ್ಲಿ ಮುದ್ದೆ, ಸಾರು ಹಾಕಿಕೊಂಡು ಹೋಗಿ ಅವನ ಮುಂದಿಟ್ಟಳು. ಅವನು ಬೇಡವೆನ್ನಲಿಲ್ಲ. ತುತ್ತು ಮುರಿಯಲು ಹೋದ ಬೆರಳುಗಳು ಎಲೆಯ ಮೇಲೆ ತಟತಟನೆ ನಡುಗಿದವು, ಸಾರು ಚೆಲ್ಲಿತು. ಅವನು ಕೈಯನ್ನು ಸರಕ್ಕನೆ ಪಂಚೆಯ ಮಡಿಲಲ್ಲಿ ಹುದುಗಿಸಿಕೊಂಡ. ದಿನವೂ ತಿರುಗುವ ಯಂತ್ರದ ಬಾಯಿಗೆ ಒಡ್ಡುವ ಕೈ ಅದು. ಬೆಳಗಿನ ಆ ಗುಟುಕು ಅವನಿಗೆ ಏಕೆ ಬೇಕಾಗುತ್ತಿತ್ತೆಂಬುದು ತಾಯಿಗೆ ಆಗ ಅರ್ಥವಾಯಿತು.

“ಬಚ್ಚಿಡಬೇಡ ಕಣೋ,” ಎಂದಳು. “ನಡುಗ್ಲಿ. ನಾನ್ ನೋಡ್ತೀನಿ.”

ಬಹಳ ಹೊತ್ತಿನ ಮೇಲೆ ಅವನು ಕೈಯನ್ನು ಹೊರಗೆ ತೆಗೆದ. ಅವಳು ಅದನ್ನು ಹಿಡಿದು ನಿಲ್ಲಿಸಲು ಹೋಗಲಿಲ್ಲ. ಒಂದು ತುತ್ತು ಮುರಿದು ಸಾರಿನಲ್ಲಿ ಅದ್ದಿ ಅವನ ಬಾಯಿಗಿಟ್ಟಳು. ನುಂಗುವಾಗ ಅವನ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಅವನು ತಲೆಯೆತ್ತಲಿಲ್ಲ, ಅವಳೂ ಎದ್ದು ಹೋಗಲಿಲ್ಲ.